ಇಪ್ಪತ್ನಾಲ್ಕು ವೋಲ್ಟು

ಭಾನುವಾರದ ಗುಜರಿಯಲ್ಲಿ
ಕುಕ್ಕರಿನ ಮುಚ್ಚಳ, ಸ್ಕೂಟರಿನ ಕನ್ನಡಿ,
ಒಂಟಿ ಶೂಗಳ ನಡುವೆ ಬೋರಲು ಬಿದ್ದಿದ್ದವು
ಐದು ದೀಪ. ಹಳೇ ರೈಲುಬೋಗಿಯವು.
ತಗಡಿನ ರೇಟಿಗೆ ತೂಗು ಎಂದೆ.
ಮುನಾವರ್ ನಕ್ಕ: ‘ಅಕ್ಕಾ,
ಒಳಗೆ ಹಿತ್ತಾಳೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.’

ಎಸ್.ಪಿ. ರೋಡಿನ ಮಹಡಿಯೊಂದರಲ್ಲಿ
ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತೇನೆ ನಾನು.
ಎಣಿಕೆ ತಪ್ಪಿದರೆ ಬಿಚ್ಚಿ, ಮತ್ತೆ ಒಂದರಿಂದ.
ಇಂದಿರಾನಗರದ ಕಾಫಿ ಹೋಟೆಲಿಗೆ ನಾಲ್ಕು ದೀಪ ಬೇಕಿತ್ತು.
ಐದನೆಯದರ ಗಾಜಿಗೆ ಕೂದಲೆಳೆಯ ಬಿರುಕು;
ಅದು ನನ್ನ ಪಾಲಿಗೆ.

ಬೋಗಿಗೆ ಬಣ್ಣ ಬಳಿದವರು
ಕೈ ತಡೆಯದೆ ದೀಪಕ್ಕೂ ಬಳಿದಿದ್ದರು:
ಕೆನೆ, ಕೆನೆಯಡಿ ತಿಳಿಹಸಿರು, ಹಸಿರಿನಡಿ ಮತ್ತೆ ಕೆನೆ,
ಪದರಕ್ಕೊಂದು ಸತ್ತ ಸೊಳ್ಳೆ.
ಮೂರು ಸಂಜೆ ಕೆರೆದೆ.

‘ಬ್ರಶ್ಶು ಬಿಡು, ಹುಣಸೆಹಣ್ಣು ತಗೋ’ ಅಂದರು ಅತ್ತೆ,
ಬಾಗಿಲಲ್ಲೇ ನಿಂತು, ದೀಪ ಮುಟ್ಟದೆ.
‘ಮೂರು ಸ್ಕ್ರೂ ಇರಬೇಕು. ಒಂದು ಇರಲ್ಲ ನೋಡು.’
ನೋಡಿದೆ. ಇರಲಿಲ್ಲ.

ಗಂಗಹೊನ್ನಮ್ಮ ಇಪ್ಪತ್ತೆಂಟು ವರ್ಷ
ಪಿಟ್ ಲೈನಿನಲ್ಲಿ ಬೋಗಿ ತೊಳೆದವರು.
ಯಾವ ಬರ್ತಿನಡಿ ಕಡಲೆಸಿಪ್ಪೆ,
ಯಾವ ಕಿಟಕಿಗೆ ಮಕ್ಕಳ ಎಂಜಲು,
ಎಲ್ಲ ಬಲ್ಲರು. ರಾತ್ರಿ ಗಾಡಿ
ಹೊಳೆಯುತ್ತ ಹೊರಟಾಗ ಬಕೆಟ್ಟು ಬೋರಲು ಹಾಕಿ
ಬಿನ್ನಿಪೇಟೆಗೆ ನಡೆದೇ ಬರುತ್ತಿದ್ದರು.
ಒಮ್ಮೆಯೂ ಮಲಗಿ ಹೋದವರಲ್ಲ.
ಕೇಳಿದರೆ, ‘ಗುತ್ತಿಗೆಯೋರಿಗೆ ಯಾವ ಪಾಸಮ್ಮಾ.’

ಹೋಟೆಲಿನವರು ಬಂದರು, ಕಣ್ಣು ಕಿರಿದು ಮಾಡಿದರು:
ಹೊಳಪು ಜಾಸ್ತಿಯಾಯಿತಂತೆ.
ಸ್ವಲ್ಪ ಹಳೇದು ಮಾಡಿ ಕೊಡಬೇಕಂತೆ.
ಅಷ್ಟು ವರ್ಷ ಓಡಿದ್ದು ಸಾಲದೇನೋ.
ತಿಕ್ಕಿ ತೆಗೆದ ಕಪ್ಪನ್ನು
ತಿಕ್ಕಿಯೇ ಕೂರಿಸಿದೆ, ಕೂಲಿ ಎರಡು ಸಲ ಇಸಿದುಕೊಂಡೆ.

ನನ್ನದರಲ್ಲಿ ಒತ್ತಿದ ನಂಬರು ಹಾಗೇ ಬಿಟ್ಟೆ.
ಈ ದೀಪ ಕದ್ದೊಯ್ದರೂ ಮನೆಯಲ್ಲಿ ಉರಿಯಬಾರದೆಂದೇ
ಕರೆಂಟು ಬೇರೆ ಇಟ್ಟರು ಅನ್ನುತ್ತಾರೆ.
ನಿಜವೋ, ಹರಟೆಯೋ.
ಬ್ಯಾಟರಿಯ ಇಪ್ಪತ್ನಾಲ್ಕು ವೋಲ್ಟಿನ ಜೀವ ಇದು;
ನಮ್ಮ ಗೋಡೆಯೊಳಗೆ ಇನ್ನೂರ ಮೂವತ್ತು.
‘ಎಲ್‌ಇಡಿ ತುರುಕಿ ಮುಗಿಸು’ ಅಂದ ಮಾಲೀಕ.
ತುರುಕಲಿಲ್ಲ. ಮನೆಯನ್ನೇ ತಗ್ಗಿಸಿದೆ:
ಊಟದ ಬಿಡುವಿನಲ್ಲಿ, ಒಂದರಿಂದ ಎಣಿಸಿ,
ತಪ್ಪಿ, ಬಿಚ್ಚಿ, ಮತ್ತೆ ಎಣಿಸಿ
ದೀಪದ ದನಿಗೆ ಮನೆಯ ದನಿ ಇಳಿಯುವವರೆಗೆ
ತಂತಿ ಸುತ್ತಿದೆ.

ನಮ್ಮದು ಒಂದೇ ಕೋಣೆ, ಎರಡು ಮಂಚ.
ಗಂಡ ರಾತ್ರಿಯೆಲ್ಲ ಆಂಬುಲೆನ್ಸಿನಲ್ಲಿ.
ಅತ್ತೆಗೂ ನನಗೂ ಹನ್ನೊಂದು ವರ್ಷದ ರೂಢಿ,
ಮೊದಲು ನಿದ್ದೆ ಬಂದವರು ಟ್ಯೂಬ್‌ಲೈಟಿಗೆ ಫಟ್ಟೆಂದು ಬಡಿಯುವುದು.
ಕೇಳುವುದೇನಿದೆ, ಮನೆಯವರ ಹತ್ತಿರ.

ಮಂಚಗಳ ನಡುವೆ ಮೊಳೆ ಹೊಡೆದು ತೂಗುಹಾಕಿದೆ.
ಮೂರನೆಯ ಸ್ಕ್ರೂ ಹಾಕಲಿಲ್ಲ, ಅತ್ತೆ ಬೇಡವೆಂದರು.
ಹಾಕಿದೆ ಸ್ವಿಚ್ಚು:
ಗೋಡೆಯ ಮೇಲೆ ಗೋಧಿ ಬಣ್ಣದ ಒಂದು ತಟ್ಟೆ,
ಬಿರುಕಿನ ನೆರಳು ಅದರಲ್ಲಿ ಎಲ್ಲಿಗೋ ಹೋಗುವ ಹಳಿ.
ಅತ್ತೆ ಎದ್ದರು, ಸೆರಗಿನ ತುದಿಯಲ್ಲಿ ಗಾಜು ಒರೆಸಿದರು,
ಅಭ್ಯಾಸ. ಮಲಗಿದರು. ಕಾಲು ಚಾಚಿ, ಮತ್ತೆ ಮಡಚಿ,
ಬರ್ತಿನಷ್ಟೇ ಜಾಗದಲ್ಲಿ.

ಬಹಳ ಹೊತ್ತಾದ ಮೇಲೆ,
ಎದುರು ಸೀಟಿನ ಗುರುತಿಲ್ಲದವರನ್ನು ಕೇಳುವ ಹಾಗೆ:
‘ಲೈಟ್ ಆರಿಸ್ಲಾ?’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.
‘ಆರಿಸಿ’ ಅಂದೆ. ‘ನೀವು ಎಲ್ಲಿ ಇಳೀತೀರ?’

ನೀಲಿ ಬಲ್ಬು ಹತ್ತಿತು.
ದೊಡ್ಡ ದೀಪದ ಹಿತ್ತಾಳೆ ಬಿಸಿ ಆರುತ್ತ
ಟಿಕ್, ಟಿಕ್ ಅಂದಿತು.
ಮಾಗಡಿ ರಸ್ತೆ ಕಡೆ ಯಾವುದೋ ಗೂಡ್ಸು ಸದ್ದು ಎಳೆಯಿತು.
‘ಅರಸೀಕೆರೆ’ ಅಂದರು, ಯೋಚನೆ ಮಾಡಿ.
‘ಬಂದ್ರೆ ಎಬ್ಬಿಸು.’

ತಿಪಟೂರಿನ ತನಕ ಎಚ್ಚರವಿದ್ದೆ ಅನಿಸುತ್ತೆ.