ಅಂಚಿನಲ್ಲಿ ಬರೆದದ್ದು

ಸೊಹಾರಿನ ಮೂರನೇ ಮಹಡಿ. ಪಾಳಿ ಇಲ್ಲದ ರಾತ್ರಿ
ಎರಡು ಪುಸ್ತಕ ಒಟ್ಟಿಗೆ ಓದುತ್ತೇನೆ.
ಒಂದು ರಾಜ್ಯದ ಬಗ್ಗೆ: ಆಳುವವನಿಗೆ ಒಪ್ಪಿಗೆ ಎಲ್ಲಿಂದ ಬರುತ್ತದೆ.
ಇನ್ನೊಂದು ಮಕ್ಕಳ ಬಗ್ಗೆ: ಹೊಡೆಯದೆ ಬೆಳೆಸುವುದು ಹೇಗೆ.
ಝೊಹರಾಳ ತಮ್ಮ ರಜೆ ಮುಗಿಸಿ ಬರುವಾಗ
ಎರಡು ಕಿಲೋ ಕುಚ್ಚಲಕ್ಕಿ ಕಡಿಮೆ ಮಾಡಿ ತಂದದ್ದು.
ಝೊಹರಾ ಆ ಲೆಕ್ಕ ಇನ್ನೂ ಮರೆತಿಲ್ಲ.

ಮೊದಲ ಪುಟದಲ್ಲೇ ಪೆನ್ಸಿಲ್ಲಿಗೆ ಕೆಲಸ.
'ಅಧಿಕಾರವೆಂದರೆ ಕಾರಣ ಕೊಡುವ ಹೊಣೆ' ಅನ್ನುತ್ತಾನೆ ಅವನು.
ಪಕ್ಕದಲ್ಲಿ ನಾನು: ಹೌದಾ? ಗುರುವಾರ ನಮ್ಮಲ್ಲಿಗೆ ಬಾ.
ಟ್ಯಾಬ್ ಯಾಕೆ ಕಿತ್ತುಕೊಂಡದ್ದು ಅಂತ ನುಹಾ ಕೇಳಿದಾಗ
ನಾನು ಕೊಟ್ಟ ಕಾರಣ ಒಂದೇ,
'ಹೇಳಿದೆನಲ್ಲ.'

ಮಕ್ಕಳ ಪುಸ್ತಕದವರು ಒಳ್ಳೆಯವರು, ಸಂಶಯವಿಲ್ಲ.
ಮಂಡಿಯೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಅನ್ನುತ್ತಾರೆ.
ಹನ್ನೆರಡು ಗಂಟೆ ಪಂಪುಗಳ ಗುಡುಗಿನಲ್ಲಿ ನಿಂತ ಮಂಡಿ ಇದು,
ಇಳಿದರೆ ಏಳಲು ಸೋಫಾ ಹಿಡಿಯಬೇಕು.
ಅವರ ಮನೆಗೆ ಹಿತ್ತಲಿದೆ. ಸಿಟ್ಟು ಬಂದ ಮಗು
ಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಬರುತ್ತದಂತೆ.
ನಮ್ಮದು ಒಂದು ಹಾಲು, ಒಂದು ಕೋಣೆ,
ಹೊರಗೆ ನಲವತ್ತಾರು ಡಿಗ್ರಿ.
ಸಿಟ್ಟು ಬಂದವಳು ಎಸಿಯ ಕೆಳಗೆ ನಿಲ್ಲುತ್ತಾಳೆ,
ಬೆನ್ನು ನನಗೆ ಹಾಕಿ.

ನನ್ನ ಕೆಲಸ ಸಮುದ್ರದಿಂದ ಉಪ್ಪು ತೆಗೆಯುವುದು.
ಪೂರಾ ತೆಗೆದ ನೀರು ನಾಲಗೆಗೆ ಸತ್ತ ಹಾಗಿರುತ್ತದೆ,
ಪೈಪುಗಳನ್ನೂ ತಿನ್ನುತ್ತದೆ.
ತೆಗೆದ ಮೇಲೆ ಒಂದಿಷ್ಟು ಸುಣ್ಣ ಮರಳಿ ಬೆರೆಸಬೇಕು.
ಎಷ್ಟು ಅನ್ನುವುದಕ್ಕೆ ಅಲ್ಲಿ ಮೀಟರಿದೆ.
ಇದನ್ನು ತೊಂಬತ್ತನೇ ಪುಟದಲ್ಲಿ ಬರೆದು,
ಕೆಳಗೆ 'ಇಲ್ಲಿ ಮೀಟರು ಎಲ್ಲಿ?' ಅಂತ ಸೇರಿಸಿದೆ.

ನಡುವೆ ಒಂದು ಪದ ಎರಡೂ ಕಡೆ ಸಿಕ್ಕಿತು. ಅವಲಂಬನೆ.
ರಾಜ್ಯದ ಪುಸ್ತಕದಲ್ಲಿ ಅದು ಬೈಗುಳ.
ಮಕ್ಕಳ ಪುಸ್ತಕದಲ್ಲಿ ಬರೀ ಒಂದು ವಯಸ್ಸು, ದಾಟಿ ಹೋಗುವಂಥದ್ದು.
ನುಹಾಳ ವೀಸಾದಲ್ಲಿ ಅದು ಹೆಸರಿನ ಕೆಳಗಿನ ಸಾಲು,
ಆಮೇಲೆ ನನ್ನ ಹೆಸರು,
ನನ್ನ ಕೆಳಗೆ ಕಂಪನಿಯದು.

ಪ್ರಜೆ ಅಂದರೆ ಮೊದಲ ಅರ್ಥ ಸಂತಾನ,
ಆಳಿಸಿಕೊಳ್ಳುವ ಜನ ಅನ್ನುವುದು ಎರಡನೆಯದು.
ಉಪ್ಪಿನಂಗಡಿಯ ಶಾಲೆಯಲ್ಲಿ ಕನ್ನಡ ಪಂಡಿತರು
ಬೆತ್ತ ಮೇಜಿನ ಮೇಲಿಟ್ಟು ಹೇಳಿದ್ದು.
ಇಪ್ಪತ್ತೆಂಟು ವರ್ಷ ಅದು ನನ್ನೊಳಗೆ ಸುಮ್ಮನೆ ಬಿದ್ದಿತ್ತು.

ಇಲ್ಲಿ ನಾನು ಪ್ರಜೆಯಲ್ಲ, ನಿವಾಸಿ,
ಎರಡೆರಡು ವರ್ಷದ ಹಾಗೆ.
ದೂರು ಹೇಳುತ್ತಿಲ್ಲ. ಸಂಬಳ ಹೊತ್ತಿಗೆ ಬರುತ್ತದೆ,
ಗುರುತಿಲ್ಲದವರೂ ಸಲಾಂ ಹೇಳುತ್ತಾರೆ.
ಆದರೆ ಮೇಲಿನವನು ಎಲ್ಲರೆದುರು ನನ್ನ ವರದಿ
ಓದದೆ ಹಿಂದಕ್ಕೆ ತಳ್ಳಿದ ದಿನ ಯಾವುದಿತ್ತು?
ಗುರುವಾರ.
ಟ್ಯಾಬ್ ಕಿತ್ತುಕೊಂಡದ್ದೂ.
ಬಾಗಿಲು ಹಾಕಿದ ಮೇಲೆ ನನಗೆ ಉಳಿಯುವ ರಾಜ್ಯ
ಎಂಟು ವರ್ಷದ್ದು, ಮುಂದಿನ ಒಂದು ಹಲ್ಲಿಲ್ಲ.
ಇದನ್ನು ಅಂಚಿನಲ್ಲಿ ಬರೆಯಲಿಲ್ಲ.
ಪೆನ್ಸಿಲು ಚೂಪು ಮಾಡುತ್ತಾ ಕೂತೆ.

ನಿನ್ನೆ ನಲವತ್ತೊಂದನೇ ಪುಟ ತಿರುಗಿಸಿದರೆ,
'ಮಗುವಿಗೆ ಕಾರಣ ತಿಳಿಯುವ ಹಕ್ಕಿದೆ' ಎಂದಲ್ಲಿ
ನಾನೇ ಯಾವಾಗಲೋ ಗೀಚಿದ್ದೆ: 'ಎಲ್ಲದಕ್ಕೂ ಅಲ್ಲ.'
ಅದರ ಕೆಳಗೆ ನೇರಳೆ ಸ್ಕೆಚ್ ಪೆನ್ನು.
ಶುಕ್ರವಾರಗಳಲ್ಲಿ ನಾನು ಕಲಿಸಿದ ಅಕ್ಷರ,
ಕ ಎಡಕ್ಕೆ ವಾಲಿದೆ, ದೀರ್ಘ ಬೇಡವಾದಲ್ಲಿ ಬಂದಿದೆ:
'ಯಾಕೇ'

ದೀರ್ಘ ತಿದ್ದಲು ಹೋದ ಕೈ ಅಲ್ಲೇ ನಿಂತಿತು.
ಅವಳು ಮಲಗಿದ್ದಾಳೆ, ಕಾಲು ಗೋಡೆಗೆ ಕೊಟ್ಟು.
ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿದೆ.
ಒಂದು ಸಾಲು ಬರೆದೆ, ಅಳಿಸಿದೆ.
ಇನ್ನೊಂದು ಬರೆದೆ, ಅದು ಪುಸ್ತಕದ ಮಾತಿನ ಹಾಗೆ ಕಂಡಿತು.
ಹಾಳೆಯಿಂದ ರಬ್ಬರಿನ ಪುಡಿ ಊದುತ್ತಿದ್ದೇನೆ.
ಆರಕ್ಕೆ ಪಾಳಿ.
ಕೆಳಗೆ ಬಸ್ಸಿನ ಹಾರ್ನು ಆಗಲೇ ಒಂದು ಸಲ ಕೇಳಿತು.