ನಡವಳಿ

ಹುಬ್ಬಳ್ಳಿ ಪ್ರವಾಸಿ ಮಂದಿರದ ಉದ್ದ ಮೇಜಿನ ತುದಿಗೆ ನನ್ನ ಕುರ್ಚಿ,
ಧಾರವಾಡದ ಕಚೇರಿಯಿಂದ ಒಂದು ದಿನಕ್ಕೆ ಎರವಲು.
ಸಮಿತಿಯ ಒಂಬತ್ತು ಮಂದಿಯಲ್ಲಿ ಬಂದವರು ಐವರು,
ಅವರಲ್ಲೊಬ್ಬರು ಊಟ ಎಷ್ಟೊತ್ತಿಗೆಂದು ಆಗಲೇ ಎರಡು ಸಲ ಕೇಳಿದ್ದಾರೆ.
ಯಾರು ಏನೆಂದರೋ ಅಷ್ಟೇ ಬರೆಯುವವಳು ನಾನು.
ಶೀಘ್ರಲಿಪಿಯಲ್ಲಿ ಕೆಮ್ಮಿಗೆ ಗೆರೆಯಿಲ್ಲ,
ಸಾಹೇಬರು ನೀರು ಕುಡಿದು ಗ್ಲಾಸು ಕೆಳಗಿಡುವಷ್ಟು ಹೊತ್ತಿಗೂ ಇಲ್ಲ.

ಹನ್ನೊಂದು ಹತ್ತು. ವಿಷಯ:
ನಗರದ ಕಣ್ಗಾವಲು ಕ್ಯಾಮೆರಾ, ಖರೀದಿ ಮತ್ತು ನಿರ್ವಹಣೆ.
ಹೊಂಬಳ ಮೇಡಂ ಕನ್ನಡಕ ಏರಿಸಿದರು.
"ದುರ್ಗದ ಬೈಲಿನ ಮಿರ್ಚಿ ಗಾಡಿ ಎದುರಿನ ಕಂಬಕ್ಕ
ಕ್ಯಾಮೆರಾ ಎಷ್ಟದಾವ್ರೀ?"
"ಒಂದ್ರೀ."
"ಬಿಲ್ಲಿನ್ಯಾಗ ಎರಡು ಐತಲ್ಲ?"
"ಹಗಲಿಗೊಂದು, ರಾತ್ರಿಗೊಂದು ಹಿಡಿದಿರಬೇಕ್ರೀ."
ನಗುವಿಗೆ ಮಾತ್ರ ಕಂಸದೊಳಗೆ ಜಾಗವಿದೆ. ಬರೆದೆ.

"ಯಾವ ಬಾಬಿನ ರೊಕ್ಕ ಇದು?"
"ಗೌಪ್ಯ ವೆಚ್ಚರೀ."
"ರಶೀದಿ?"
"ಹಳೇ ಖೋಲಿ ಸೋರಿ ತೊಯ್ದು ಹೋಗ್ಯಾವ್ರೀ."
"ಆತು. ಮಂದಿ ಮುಖದ ದತ್ತಾಂಶ? ಎಷ್ಟು ದಿನ ಇಡ್ತೀರಿ?"
"ಅವೆಲ್ಲಾ ಭದ್ರ ಅದಾವ್ರೀ, ಮೊದಲನೇ ದಿನದಿಂದ."
ಮೇಡಂ ಪೆನ್ನು ಕೆಳಗಿಟ್ಟರು.
"ಅಂದ್ರ ರೊಕ್ಕ ಹೋದ ದಾರಿ ತೊಯ್ದೈತಿ,
ಮಂದಿ ಹೋದ ದಾರಿ ಒಣಗಿಸಿ ಇಟ್ಟೀರಿ."
ಇದನ್ನು ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು.
ಇನ್ನೊಂದು ಯಾವತ್ತೂ ಕಿವಿಯ ಹಿಂದೆ ಇರುತ್ತದೆ.

ಹೇಗೆ ಹುಡುಕುತ್ತದೆ, ತೋರಿಸಿ ಎಂದರು ಯಾರೋ.
ಸಾಹೇಬರಿಗೆ ಹುರುಪು ಬಂತು.
ಹುಡುಗನೊಬ್ಬ ಲ್ಯಾಪ್‌ಟಾಪ್ ಬಿಚ್ಚಿದ, ಸುಣ್ಣದ ಗೋಡೆಗೆ ಬೆಳಕು ಬಿತ್ತು,
ಅದರ ಮೇಲೆ ಫ್ಯಾನಿನ ನೆರಳು ತಿರುಗಿತು.
"ಯಾರದರ ಮುಖ ಕೊಡ್ರಿ."
ಶಾಸಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು,
ತಮ್ಮದನ್ನು ಯಾರೂ ಕೊಡಲಿಲ್ಲ.
"ಆ ಅಕ್ಕಾರದು ಹಾಕು," ಎಂದರು,
ತುದಿಯಲ್ಲಿದ್ದ ನನ್ನತ್ತ ಬೆರಳು ತೋರಿ.

ನಾಲ್ಕು ಸೆಕೆಂಡು.

ಉಣಕಲ್ ಕ್ರಾಸಿನಲ್ಲಿ ಚಿಗರಿ ಬಸ್ಸಿನಿಂದ ಇಳಿಯುತ್ತಿದ್ದೇನೆ, ಮಂಗಳವಾರ.
ಮುಂದಿನ ಮಂಗಳವಾರ. ಅದರ ಮುಂದಿನದು.
ಅದೇ ನೀಲಿ ಚೀಲ, ಮುಖದ ಸುತ್ತ ಹಸಿರು ಚೌಕ.
ಕೆರೆದಂಡೆಯ ಕಲ್ಲುಬೆಂಚಿನ ಮೇಲೆ ಒಬ್ಬಳೇ
ಶೇಂಗಾ ಸುಲಿಯುತ್ತಿದ್ದೇನೆ. ತುಟಿ ಅಲುಗುತ್ತಿದೆ.

ತಂಗಿ ಹೋದ ಮೇಲೆ ವಾರಕ್ಕೊಮ್ಮೆ ಅಲ್ಲಿ ಕೂತು
ಅವಳ ಜೊತೆ ಮಾತಾಡುತ್ತೇನೆ.
ಮನೆಯವರಿಗೂ ಹೇಳಿಲ್ಲ.
ಕೆರೆಗಷ್ಟೇ ಗೊತ್ತು ಅಂದುಕೊಂಡಿದ್ದೆ.

"ನೋಡ್ರಿ, ಎಷ್ಟು ಚೊಕ್ಕ ಹಿಡದೈತಿ!"
ದನಿ ಇರಲಿಲ್ಲ, ಅಷ್ಟೇ ಪುಣ್ಯ.
ಮೇಡಂ ನನ್ನ ಕಡೆ ನೋಡಿದರು. "ಸಾಕು, ಆರಸ್ರಿ."
ಗೋಡೆ ಮತ್ತೆ ಬರೀ ಸುಣ್ಣ.
"ಇದನ್ನ ಯಾರ್ಯಾರು ನೋಡಬಹುದು?
ನೋಡಿದವರ ಹೆಸರು ಎಲ್ಲ್ಯರ ಬರದಿಟ್ಟೀರೇನು?"
ಸಾಹೇಬರು ಗ್ಲಾಸು ಎತ್ತಿದರು. ನೀರು ಮುಗಿದಿತ್ತು.

ಇದಿಷ್ಟು ದಾಖಲೆಗೆ ಬೇಡ ಎಂದರು ಊಟ ಕೇಳಿದವರು.
ಬೇಡ ಎಂದವರು ಇಬ್ಬರು, ಇರಲಿ ಎಂದವರು ಮೂವರು.
ಆಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪೇಢೆ;
ಅದರ ಬಿಲ್ಲು ಯಾವ ಬಾಬಿಗೆ ಹೋಯಿತೋ ತಿಳಿಯದು.

ಸಂಜೆ ಪಕ್ಕದ ಕೋಣೆಯಲ್ಲಿ
ಗೆರೆಗಳನ್ನು ಅಕ್ಷರ ಮಾಡುತ್ತ ಕೂತೆ.
ನಡವಳಿಯಲ್ಲಿ ಬರೆಯುವವಳಿಗೆ ಹೆಸರಿರುವುದಿಲ್ಲ.
ಇಪ್ಪತ್ತೆರಡು ವರ್ಷ, ಒಂದು ಪುಟದಲ್ಲೂ ನಾನಿಲ್ಲ.
ಪುಟ ಮೂವತ್ತೊಂದರಲ್ಲಿ ಬೆರಳು ತಡೆಯಿತು, ಮತ್ತೆ ಓಡಿತು:
ಪ್ರಾತ್ಯಕ್ಷಿಕೆಯಲ್ಲಿ ಕಂಡ ವ್ಯಕ್ತಿ
ನೀಲಾಂಬಿಕಾ ಯಲಿಗಾರ, ಶೀಘ್ರಲಿಪಿಗಾರ್ತಿ.
ಆಕೆಯನ್ನು ಕೇಳಿರಲಿಲ್ಲ.

ಹೀಗೆಂದು ಯಾರೂ ಅಂದಿರಲಿಲ್ಲ.

ರಾತ್ರಿ ರೈಲಿಗೆ ಹೊರಡುವ ಮೊದಲು ಮೇಡಂ ಓದಿದರು.
ಆ ಸಾಲಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು.
ಏನೂ ಕೇಳದೆ ಸಹಿ ಹಾಕಿದರು.

ನಾಳೆ ಮಂಗಳವಾರ.
ಇನ್ನು ಎಲ್ಲಿ ಕೂಡೋಣ ಎಂದು
ತಂಗಿಯನ್ನೇ ಕೇಳಬೇಕು.