ನಾಲ್ಕು ಮಿಲಿಮೀಟರ್

ಡನೀಡಿನ್‌ನಲ್ಲಿ ಜುಲೈ ಅಂದರೆ ಕೊರೆವ ಚಳಿ.
ಗ್ಯಾಸ್ ಸಿಲಿಂಡರಿನ ಕೊರಳು ಮುಟ್ಟಿದರೆ ಬೆರಳು ಅಂಟುತ್ತದೆ.
ಸೂಲಗಿತ್ತಿ ಐಲ್ಸಾ, ರಾತ್ರಿಯ ಹೆರಿಗೆ ಮುಗಿಸಿ ಬಂದವಳು,
ಚಹಾ ಕೂಡ ಕುಡಿಯದೆ ಮುಖವಾಡ ಇಳಿಸಿದಳು.

ಪೆಟ್ಟಿಗೆಗಳಲ್ಲಿ ಬಂದ ಕಾರು ಅದು:
ಒಂದಿಂಚಿನ ಚೌಕ ಕೊಳವೆಗಳು, ಒಂದು ನಕಾಶೆ,
ಲೆಕ್ಕಕ್ಕೆ ಎರಡು ಬೋಲ್ಟು ಕಮ್ಮಿ.
ಹನ್ನೊಂದು ತಿಂಗಳಾಯಿತು. ಇನ್ನೂ ಎಲುಬುಗೂಡು.

ಎದುರುಮನೆಯ ತವಿತಾ, ಹಡಗು ಕಟ್ಟುವ ಅಂಗಳದಲ್ಲಿ
ಮೂವತ್ತು ವರ್ಷ ಬೆಸೆದು ಕಣ್ಣು ಮಂಜಾದವನು,
ಸ್ಟೂಲಿನ ಮೇಲೆ ಕೂತು ಬೆಸುಗೆ ನೋಡುವುದಿಲ್ಲ,
ಕೇಳುತ್ತಾನೆ.
"ಬೇಕನ್ ಹುರಿದ ಹಾಗೆ ಒಂದೇ ಸಮ ಸದ್ದು ಬರಬೇಕು.
ಇದೇನು, ಬೆಕ್ಕು ಸೀನಿದ ಹಾಗೆ!"
ತಂತಿಯ ವೇಗ ತಗ್ಗಿಸಿದಳು.

ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ
ನಿನ್ನೆ ಸರಿಯಿದ್ದ ಚೌಕಟ್ಟು ಇವತ್ತು
ನಾಲ್ಕು ಮಿಲಿಮೀಟರ್ ಸೊಟ್ಟ.
ಅವಳ ಬಾಯಿಂದ ಬಂದ ಮಾತು ಇಲ್ಲಿ ಬೇಡ.
"ಆರುವಾಗ ಬೆಸೆದ ಕಡೆಗೇ ವಾಲುತ್ತದೆ ಕಬ್ಬಿಣ," ಅಂದ,
"ಒಂದೇ ಮಗ್ಗುಲಿಗೆ ಅಷ್ಟು ಬೆಂಕಿ ಯಾಕೆ ಸುರಿದೆ?"

ಗ್ರೈಂಡರು ಕಿರುಚಿತು. ಮೂರು ವಾರದ ಬೆಸುಗೆ
ಕಿಡಿಯಾಗಿ ಅವಳ ಬೂಟಿನ ಮೇಲೆ ಬಿತ್ತು.
ಈ ಸಲ ಇಲ್ಲೊಂದು ಚುಕ್ಕೆ, ಎದುರಿಗೊಂದು ಚುಕ್ಕೆ,
ನಡುವೆ ಕಾಯುವುದು. ಅದು ಅವಳಿಗೆ ಗೊತ್ತು:
ಕಾಯದೆ ಯಾವ ಮಗುವೂ ಅವಳ ಕೈಗೆ ಬಂದಿಲ್ಲ.

ಆರನೇ ಚುಕ್ಕೆಗೆ ಫೋನು.
ಮೊಸ್ಗೀಲ್‌ನಲ್ಲಿ ನೋವು ಶುರು, ಎರಡನೆಯ ಬಸುರಿ, ತಡವಾಗಲಿಕ್ಕಿಲ್ಲ.
ತೋಳು ಸುಟ್ಟ ಸ್ವೆಟರಿನಲ್ಲೇ ಓಡಿದಳು.
ಹಳೇ ಕಾರು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು.

ತವಿತಾ ದೀಪ ಆರಿಸಲಿಲ್ಲ.
ಟಿಕ್, ಎಂದಿತು ಕೊಳವೆ. ಸ್ವಲ್ಪ ಹೊತ್ತಿಗೆ, ಟಿಕ್.
ಟೇಪಿಗೆ ಕೈಚಾಚಿದವನು
ಬೇಡವೆಂದು ಮತ್ತೆ ಕೂತ.